ಬೆನ್ನಿನ ಮಾತು

ಜನವರಿ 12

ಗುಡುಗಪ್ಪನವರಿಗೆ,

ಸ್ಟುಡಿಯೋದಿಂದ ನಿಮಗೆ ಬರುವ ಈ ವಾರದ ಸ್ಕ್ರಿಪ್ಟ್ ಚೀಲದಲ್ಲಿ ಹಾಳೆಗಳ ನಡುವೆ ಈ ಕಾಗದ ಸಿಕ್ಕಿದರೆ ಬೆಚ್ಚಿಬೀಳಬೇಡಿ. ಬರೆಯುತ್ತಿರುವವಳು ನಾನೇ, ನಿಮ್ಮ ಹಳೆಯ ನಾಯಕಿ. ಫೋನ್ ಮಾಡೋಣವೆಂದರೆ ಗಂಟಲಿನ ಡಾಕ್ಟರು ಕಟ್ಟಪ್ಪಣೆ ಹೊರಡಿಸಿದ್ದಾರೆ: ಮೈಕ್ ಮುಂದೆ ಬಿಟ್ಟರೆ ಬೇರೆಲ್ಲೂ ಬಾಯಿ ತೆರೆಯಕೂಡದು. ದನಿ ಹೊರಡುವ ಜಾಗದಲ್ಲಿ ಕಾಳಿನಷ್ಟು ಗಂಟು ಬೆಳೆದಿದೆಯಂತೆ. ಮೊಬೈಲಿನಲ್ಲಿ ಬರೆಯೋಣವೆಂದರೆ ನೀವು ಎಷ್ಟುದ್ದದ ಸಂದೇಶಕ್ಕೂ ಒಂದು ಹೆಬ್ಬೆಟ್ಟಿನ ಚಿತ್ರ ಕಳಿಸಿ ಕೈತೊಳೆದುಕೊಳ್ಳುವವರು. ಕಾಗದಕ್ಕೆ ಹೆಬ್ಬೆಟ್ಟು ಒತ್ತಿ ಕಳಿಸಲು ನಿಮಗೂ ನಾಚಿಕೆಯಾದೀತು.

ನೀವು ಊರು ಬಿಟ್ಟು ಏಳು ವರ್ಷವಾದ ಮೇಲೆ ನಮ್ಮಿಬ್ಬರನ್ನು ಮತ್ತೆ ಜೋಡಿ ಮಾಡಿದ್ದು ಈ ಕೊರಿಯನ್ ಧಾರಾವಾಹಿ. ನೀವು ಅಲ್ಲಿ ನಾಯಕನ ಮಾತನ್ನು ಮೊದಲು ಮುಗಿಸಿ ಕಳಿಸುತ್ತೀರಿ. ನಾನು ಇಲ್ಲಿ ಹೆಡ್‌ಫೋನ್‌ನಲ್ಲಿ ನಿಮ್ಮ ದನಿ ಕೇಳಿಕೊಂಡು ನಾಯಕಿಯ ಮಾತು ಸೇರಿಸುತ್ತೇನೆ. ಒಂದೇ ರೆಕಾರ್ಡಿಂಗ್ ಗೂಡಿನಲ್ಲಿ ಭುಜಕ್ಕೆ ಭುಜ ತಾಗಿಸಿ ನಿಂತು ಹದಿನಾಲ್ಕು ವರ್ಷ ಡಬ್ಬಿಂಗ್ ಮಾಡಿದವರಿಗೆ ಇದೂ ಒಂದು ತಮಾಷೆಯೇ.

ನಿನ್ನೆ ಮೊದಲ ಕಂತು ಮುಗಿಯಿತು. ನನ್ನ ಅಭಿಪ್ರಾಯವನ್ನು ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಇದು ಪ್ರೇಮಕಥೆಯೋ ಲಿಫ್ಟ್ ರಿಪೇರಿಯ ತರಗತಿಯೋ ನನಗಂತೂ ತಿಳಿಯಲಿಲ್ಲ. ನಾಯಕ ಲಿಫ್ಟ್ ಮೆಕ್ಯಾನಿಕ್. ನಾಯಕಿ ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವವಳು, ಮನೆ ಏಳನೆಯ ಮಹಡಿಯಲ್ಲಿ. ಅವಳು ಲಿಫ್ಟ್ ಹತ್ತುತ್ತಾಳೆ, ಅವನು ನೋಡುತ್ತಾನೆ. ಅವಳು ತಿರುಗಿ ನೋಡುತ್ತಾಳೆ, ಅವನು ಸ್ಕ್ರೂ ತಿರುಗಿಸುತ್ತಾನೆ. ಹಿಮ ಬೀಳುತ್ತದೆ. ಹಿಂದೆ ಪಿಯಾನೊ. ಕೊನೆಗೆ ಅವಳ ಕೈಗವಸೊಂದು ಕೆಳಗೆ ಬೀಳುತ್ತದೆ. ಆ ಪುಣ್ಯಾತ್ಮ ಅದನ್ನು ಎತ್ತಿ ಕೊಡುವುದು ಬಿಟ್ಟು ತನ್ನ ಜೇಬಿಗೆ ಇಳಿಸುತ್ತಾನೆ. ಅಲ್ಲಿಗೆ ಕಂತು ಮುಗಿಯಿತು! ನಮ್ಮ ಡಬ್ಬಿಂಗ್ ನಿರ್ದೇಶಕರು ಮೈಮರೆತು, "ಮೇಡಂ, ಇದು ಸಣ್ಣ ಉರಿಯಲ್ಲಿ ಬೇಯೋ ಪ್ರೀತಿ" ಎಂದರು. ನಾನು ಚೀಟಿಯಲ್ಲಿ ಬರೆದು ತೋರಿಸಿದೆ: ಬೇಯಲಿ ಸ್ವಾಮಿ, ಯಾರಾದರೂ ಒಲೆ ಹಚ್ಚಬೇಕಲ್ಲ?

ಒಂದು ಸಂತೋಷವೆಂದರೆ ಇದರಲ್ಲಿ ಬೆನ್ನುಗಳು ಬಹಳ. ನಮ್ಮ ಬೆನ್ನಿನ ಮಾತು ನೆನಪಿದೆಯೇ? ತೆರೆಯ ಮೇಲೆ ನಟ ಬೆನ್ನು ತಿರುಗಿಸಿದರೆ ತುಟಿ ಕಾಣುವುದಿಲ್ಲ. ತುಟಿ ಕಾಣದಿದ್ದರೆ ಯಾವ ಮಾತನ್ನು ಬೇಕಾದರೂ ತುರುಕಬಹುದು. ಸಾಯುತ್ತಿರುವ ಅಪ್ಪನ ಕೋಣೆಯಿಂದ ಹೊರನಡೆಯುವ ನಾಯಕನ ಬೆನ್ನಿಗೆ ನೀವು, "ಇವತ್ತು ಡಬ್ಬೀಲಿ ಏನ್ ತಂದಿದ್ದೀರಿ?" ಎಂದು ಸೇರಿಸಿದ್ದು, ನಾಯಕಿಯ ಬೆನ್ನಿನಿಂದ ನಾನು "ಮೊಟ್ಟೆ" ಎಂದದ್ದು, ಗಾಜಿನಾಚೆ ಕೂತಿದ್ದ ನಮ್ಮ ಸೌಂಡ್ ಇಂಜಿನಿಯರ್ ಕಿವಿಮಾಮ ಹಣೆ ಚಚ್ಚಿಕೊಂಡು ಅಳಿಸಿಹಾಕಿದ್ದು. ಇಷ್ಟೊಂದು ಬೆನ್ನುಗಳನ್ನು ನೋಡಿ ನಿನ್ನೆ ನಗು ಬಂತು. ನಗುವುದಕ್ಕೂ ಡಾಕ್ಟರು ಬೇಡವೆಂದಿದ್ದಾರೆ.

ಇತಿ,
ಗುಬ್ಬಿ
(ಹೆಸರಿಟ್ಟವರು ಮರೆತಿರದಿದ್ದರೆ)


ಜನವರಿ 25

ಗುಬ್ಬಿಯವರಿಗೆ ನಮಸ್ಕಾರ.

ನಿಮ್ಮ ಕಾಗದ ನನಗೆ ತಡವಾಗಿ ಸಿಕ್ಕಿತು. ಚೀಲ ಬಂದ ದಿನವೇ ಬಿಚ್ಚುವ ಅಭ್ಯಾಸ ನನಗಿಲ್ಲವೆಂಬುದು ನಿಮಗೆ ಗೊತ್ತೇ ಇದೆ. ರೆಕಾರ್ಡಿಂಗ್ ದಿನ ಬೆಳಿಗ್ಗೆಯಷ್ಟೇ ಬಿಚ್ಚುತ್ತೇನೆ. ಮೊದಲೇ ಓದಿಬಿಟ್ಟರೆ ಬಾಯಿಗೆ ಬರುವಷ್ಟರಲ್ಲಿ ಮಾತು ಹಳಸಿರುತ್ತದೆ.

ಗಂಟಲಿನ ಸುದ್ದಿ ಓದಿ ಬೇಸರವಾಯಿತು. ಉಗುರುಬೆಚ್ಚಗಿನ ನೀರು ಕುಡಿಯಿರಿ. ಫ್ಯಾನಿನ ಕೆಳಗೆ ಮಲಗಬೇಡಿ.

ನನ್ನ ಸ್ಟುಡಿಯೋ ಹೇಗಿದೆಯೆಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಅಕ್ಕನ ಮನೆಯ ಬಟ್ಟೆ ಕಪಾಟು. ಒಳಗೆ ನಾಲ್ಕೂ ಕಡೆ ರಜಾಯಿ ಹೊಡೆದು, ಒಂದು ಸ್ಟೂಲು, ಒಂದು ಮೈಕು. ಭಾವ ತೀರಿಕೊಂಡ ಮೇಲೆ ಅವರ ಕೋಟುಗಳನ್ನು ಅಕ್ಕ ತೆಗೆದಿಲ್ಲ, ಅವುಗಳ ನಡುವೆಯೇ ನಿಂತು ಪ್ರೇಮಿಸುತ್ತೇನೆ. ಅಡುಗೆಮನೆಯಲ್ಲಿ ಕುಕ್ಕರ್ ಕೂಗಿದರೆ ಮತ್ತೆ ಮೊದಲಿನಿಂದ.

ಧಾರಾವಾಹಿಯ ಬಗ್ಗೆ ನಿಮ್ಮ ಮಾತನ್ನು ಒಪ್ಪಲಾರೆ. ನನಗೆ ಮೊದಲ ಕಂತೇ ಹಿಡಿಸಿತು. ಎಷ್ಟೋ ವರ್ಷದಿಂದ ಬೊಬ್ಬೆ ಹೊಡೆಯುವ ನಾಯಕರಿಗೆ ದನಿ ಕೊಟ್ಟು ಸಾಕಾಗಿತ್ತು. ಇವನು ಗೌರವಸ್ಥ. ಕೈಗವಸನ್ನು ಜೇಬಿಗೆ ಹಾಕಿಕೊಂಡದ್ದು ಕಳ್ಳತನವಲ್ಲ. ಕೊಟ್ಟುಬಿಟ್ಟರೆ ಅಲ್ಲಿಗೆ ವ್ಯವಹಾರ ಮುಗಿಯುತ್ತದೆ, ಇಟ್ಟುಕೊಂಡರೆ ಮತ್ತೆ ನೋಡಲು ಒಂದು ಕಾರಣ ಉಳಿಯುತ್ತದೆ. ಅವನಿಗೆ ಮಾತು ಬರದೆ ಸುಮ್ಮನಿರುವುದಲ್ಲ. ಆಡಿದರೆ ಕೆಡುವ ಸಂಗತಿಗಳು ಕೆಲವಿರುತ್ತವೆ. ನಾಲ್ಕನೆಯ ಕಂತಿನವರೆಗಾದರೂ ತಾಳ್ಮೆ ಇರಲಿ.

ಹೆಸರು ಮರೆತಿಲ್ಲ.

ಇತಿ,
ಗುಡುಗು


ಫೆಬ್ರವರಿ 6

ಗುಡುಗಪ್ಪನವರಿಗೆ,

ನಾಲ್ಕನೆಯ ಕಂತೂ ಆಯಿತು, ತಾಳ್ಮೆಯೂ ಆಯಿತು. ನಿಮ್ಮ ಗೌರವಸ್ಥನ ಕಳ್ಳತನ ನಾನು ಹಿಡಿದಿದ್ದೇನೆ. ಆ ಕಟ್ಟಡದ ಲಿಫ್ಟ್ ವಾರಕ್ಕೊಮ್ಮೆ ಕೆಡುವುದು ಯಾಕೆ? ಅವನೇ ಕೆಡಿಸುತ್ತಾನೆ! ನಾಯಕಿಯ ಕೆಳಗಿನ ಮಹಡಿಯಲ್ಲಿರುವ ಮಂಡಿನೋವಿನ ಅಜ್ಜಿ ಮೆಟ್ಟಿಲು ಹತ್ತಿ ಹತ್ತಿ ಏದುಸಿರು ಬಿಡುತ್ತಾಳೆ, ಇವನು ಕೆಳಗೆ ಕೂತು ತಂತಿ ಬಿಡಿಸುತ್ತಾನೆ. "ನಿಮ್ಮನ್ನು ನೋಡಬೇಕಿತ್ತು" ಎಂಬ ಎರಡು ಪದದ ಮಾತಿಗೆ ಒಂದು ಕಟ್ಟಡದ ಜನರನ್ನೆಲ್ಲ ನಡೆಸಿ ಸುಸ್ತು ಮಾಡುವವನನ್ನು ಗೌರವಸ್ಥ ಎನ್ನುತ್ತಾರೆಯೇ? ನಾನು ಹೇಡಿ ಎನ್ನುತ್ತೇನೆ. ಅಜ್ಜಿಯ ಪರವಾಗಿ.

ಆದರೆ ಒಂದು ನಿಜ ಹೇಳಬೇಕು. ನಾಲ್ಕನೆಯ ಕಂತಿನಲ್ಲಿ ಅವನು ಲಿಫ್ಟಿನ ಬಾಗಿಲು ಹಿಡಿದುಕೊಂಡು, "ಏಳನೇ ಮಹಡಿ ಅಲ್ವಾ?" ಎನ್ನುತ್ತಾನಲ್ಲ, ಅಲ್ಲಿ ನಿಮ್ಮ ದನಿ ಹೆಡ್‌ಫೋನ್ ತುಂಬಿದಾಗ ನನ್ನ ಸಾಲು ಮರೆತುಹೋಯಿತು. ಕಿವಿಮಾಮ ಗಾಜು ತಟ್ಟಿ, "ಏನಮ್ಮಾ, ನಿದ್ದೆನಾ?" ಎಂದರು. ಹೂಂ ಎಂದು ತಲೆಯಾಡಿಸಿದೆ.

ನಾವಿಬ್ಬರೂ ಎಂಥ ವಿಚಿತ್ರದವರು. ಮೈಕಿನಲ್ಲಿ ಹದಿನಾಲ್ಕು ವರ್ಷ "ನೀನಿಲ್ಲದೆ ನಾನಿಲ್ಲ" ಎಂದೆವು, ಗೂಡಿನ ಬಾಗಿಲು ತೆರೆದ ಕೂಡಲೇ "ನೀವು ಬಸ್ಸಿಗಾ, ಆಟೋಗಾ?" ನೀವು ಊರು ಬಿಟ್ಟ ದಿನ ಬಾಗಿಲಲ್ಲಿ ಪೆಟ್ಟಿಗೆ ಹಿಡಿದು ನಿಂತಿದ್ದಿರಿ. ಏನೋ ಹೇಳುತ್ತೀರೆಂದು ನಾನು ಮೈಯೆಲ್ಲ ಕಿವಿಯಾಗಿ ನಿಂತೆ. ನೀವು ಹೇಳಿದ್ದು ನೆನಪಿದೆಯೇ? "ಮೈಕ್ ಪಕ್ಕ ನೀರಿನ ಲೋಟ ಇಡಬೇಡಿ, ಚೆಲ್ಲುತ್ತೆ." ಏಳು ವರ್ಷದಿಂದ ಇಟ್ಟಿಲ್ಲ.

ಈಗ ನನ್ನ ಪಕ್ಕ ಹೊಸ ಹುಡುಗಿಯೊಬ್ಬಳು ನಿಲ್ಲುತ್ತಾಳೆ, ನಾಯಕಿಯ ತಂಗಿಯ ಮಾತು ಅವಳದು. ನನ್ನನ್ನು ನೋಡಿ ನೋಡಿ ಕಲಿಯುತ್ತಿದ್ದಾಳೆ. ನಾನು ಮಾತಿಗೆ ಮುಂಚೆ ಉಸಿರೆಳೆಯುವುದು, ಉಗುಳು ನುಂಗುವುದು, ಎಲ್ಲ ಥೇಟ್ ನನ್ನ ಹಾಗೆಯೇ ಮಾಡಿ ತೋರಿಸುತ್ತಾಳೆ. ಕಿವಿಮಾಮ ಕಣ್ಣು ಮುಚ್ಚಿಕೊಂಡು ಯಾರೆಂದು ಹೇಳಲು ಹೋಗಿ ಎರಡು ಸಲ ಸೋತರು.

ಗಂಟಲಿಗೆ ಚೀಪುವ ಮಾತ್ರೆ ತರಲು ಮೂಲೆಯ ಔಷಧಿ ಅಂಗಡಿಗೆ ಹೋಗುತ್ತಿರುತ್ತೇನೆ. ಅಂಗಡಿಯವರು ಮಾತಾಡುವ ಮನುಷ್ಯ. ನಾನು ಚೀಟಿ ತೋರಿಸಿದರೆ ಅವರೂ ಒಂದು ಚೀಟಿಯಲ್ಲಿ ಉತ್ತರ ಬರೆದು ಕೊಡುತ್ತಾರೆ, ಆಮೇಲೆ ತಮಗೇ ನಗು ಬಂದು, "ಅಯ್ಯೋ, ನನ್ ಗಂಟಲು ಚೆನ್ನಾಗೇ ಇದೆಯಲ್ಲ!" ಎನ್ನುತ್ತಾರೆ.

ಇತಿ,
ಗುಬ್ಬಿ


ಫೆಬ್ರವರಿ 19

ಗುಬ್ಬಿಯವರಿಗೆ,

ನಾಲ್ಕನೆಯ ಕಂತಿನ ಪೂರ್ತಿಯಾದ ಪ್ರತಿಯನ್ನು ಕಂಪನಿಯವರು ಕಳಿಸಿದ್ದರು, ಕೇಳಿದೆ. ನಿಮ್ಮ ಉಸಿರಿನಲ್ಲಿ ದಣಿವಿದೆ. "ಹೌದು, ಏಳನೇ ಮಹಡಿ" ಎನ್ನುವಾಗ ಕೊನೆಯಲ್ಲಿ ಒಂದು ಸಣ್ಣ ಕರಕರ. ಬೇರೆಯವರಿಗೆ ಗೊತ್ತಾಗದು. ಉಪ್ಪುನೀರಿನಲ್ಲಿ ದಿನಕ್ಕೆರಡು ಸಲ ಬಾಯಿ ಮುಕ್ಕಳಿಸಿ.

ಆ ಹುಡುಗಿ ಎಷ್ಟೇ ನಕಲು ಮಾಡಲಿ, ಕಿವಿಮಾಮ ಸೋತರೆ ಸೋಲಲಿ, ನನ್ನ ಕಿವಿಗೆ ಮಣ್ಣೆರಚಲು ಆಗದು. ಸಾವಿರ ಹೆಂಗಸರು ಒಟ್ಟಿಗೆ ಉಸಿರೆಳೆದರೂ ನಿಮ್ಮದು ಯಾವುದೆಂದು ಬೆರಳಿಟ್ಟು ತೋರಿಸಬಲ್ಲೆ. ಇದು ಜಂಬವಲ್ಲ.

ಲಿಫ್ಟನ್ನು ಅವನೇ ಕೆಡಿಸುತ್ತಾನೆಂಬುದು ನಿಮ್ಮ ಊಹೆ ಮಾತ್ರ. ಆರನೆಯ ಕಂತು ನೋಡಿ. ಅವಳ ಕನ್ನಡಕದ ಅಂಗಡಿಗೆ ಅವನು ಹೋಗಿ, ಕಣ್ಣು ಚೆನ್ನಾಗಿದ್ದರೂ ಪರೀಕ್ಷೆ ಮಾಡಿಸಿಕೊಳ್ಳುತ್ತಾನೆ. ಅಕ್ಷರದ ಹಲಗೆಯ ಕೊನೆಯ ಸಾಲು ಕಾಣುವುದಿಲ್ಲವೆಂದು ಸುಳ್ಳು ಹೇಳುತ್ತಾನೆ, ಅವಳು ಹತ್ತಿರ ಬಂದು ಓದಿ ತೋರಿಸಲೆಂದು. ಆ ದೃಶ್ಯ ಮಾಡುವಾಗ ಮೂರು ಸಲ ನಿಲ್ಲಿಸಿ ಮತ್ತೆ ಮೊದಲಿನಿಂದ ಶುರು ಮಾಡಿದೆ. ಅಕ್ಕ ಕಪಾಟಿನ ಬಾಗಿಲು ತಟ್ಟಿ, "ಒಳಗೆ ಉಸಿರುಗಟ್ಟಿತಾ ಹೇಗೋ?" ಎಂದು ಕೇಳಿದಳು.

ನೀವು ಔಷಧಿಯನ್ನು ಡಾಕ್ಟರು ಬರೆದುಕೊಟ್ಟ ಪ್ರಕಾರ ತೆಗೆದುಕೊಳ್ಳಿ. ಅಂಗಡಿಯವರ ಮಾತು ಕೇಳಿ ತೆಗೆದುಕೊಳ್ಳಬೇಡಿ.

ಇತಿ,
ಗುಡುಗು


ಮಾರ್ಚ್ 4

ಗುಡುಗಪ್ಪನವರೇ,

ಈ ಸಲ ಧಾರಾವಾಹಿಯ ವಿಷಯ ಕಡಿಮೆ, ನನ್ನ ವಿಷಯ ಹೆಚ್ಚು. ಓದಲು ಕಷ್ಟವಾದರೆ ಕಣ್ಣು ಪರೀಕ್ಷೆ ಮಾಡಿಸಿಕೊಳ್ಳಿ.

ಔಷಧಿ ಅಂಗಡಿಯವರು ನನ್ನನ್ನು ಮದುವೆಯಾಗುತ್ತೀರಾ ಎಂದು ಕೇಳಿದ್ದಾರೆ. ಹೆಂಡತಿ ತೀರಿಕೊಂಡು ಬಹಳ ಕಾಲವಾಗಿದೆ, ಮಗಳು ಮದುವೆಯಾಗಿ ದೂರದಲ್ಲಿದ್ದಾಳೆ. ಹೇಗೆ ಕೇಳಿದರು ಗೊತ್ತೇ? ಮಾತ್ರೆಯ ಪಟ್ಟಿಯನ್ನು ಕತ್ತರಿಯಲ್ಲಿ ಕತ್ತರಿಸುತ್ತಾ, ನಡುವೆ ಕತ್ತರಿ ಕೆಳಗಿಟ್ಟು, ನನ್ನ ಮುಖ ನೋಡಿ, "ನಿಮಗೆ ಒಪ್ಪಿಗೆ ಇದ್ರೆ ನಾವಿಬ್ರೂ ಮದುವೆ ಆಗೋಣ. ಇಲ್ದಿದ್ರೆ ಬೇಜಾರಿಲ್ಲ, ಆದ್ರೆ ಮಾತ್ರೆಗೆ ಬೇರೆ ಅಂಗಡಿಗೆ ಮಾತ್ರ ಹೋಗ್ಬೇಡಿ" ಎಂದರು. ಹಿಂದೆ ಕೆಮ್ಮಿನ ಔಷಧಿಗೆ ನಿಂತಿದ್ದ ಮುದುಕರೊಬ್ಬರು, "ಒಪ್ಕೊಳಮ್ಮಾ, ನಂಗೆ ಹೊತ್ತಾಗ್ತಿದೆ" ಎಂದರು. ನಮ್ಮ ಧಾರಾವಾಹಿಯಲ್ಲಾಗಿದ್ದರೆ ಇದಕ್ಕೆ ಹದಿನಾರು ಕಂತು ಬೇಕಿತ್ತು, ಹಿಮ ಬೇರೆ ಬೀಳಬೇಕಿತ್ತು.

ನಗಿಸಲು ಬರೆಯುತ್ತಿದ್ದೇನೆ ಎಂದುಕೊಳ್ಳಬೇಡಿ. ನನಗೆ ನಲವತ್ತೇಳು. ಗಂಟಲು ದಿನದಿನಕ್ಕೆ ಕೈಕೊಡುತ್ತಿದೆ. ಶಸ್ತ್ರಚಿಕಿತ್ಸೆ ಮಾಡಿದರೆ ಗಂಟು ಹೋಗುತ್ತದೆ, ಹಳೆಯ ದನಿ ಉಳಿಯುತ್ತದೆಂದು ಡಾಕ್ಟರು ಮಾತು ಕೊಡುತ್ತಿಲ್ಲ. ದನಿ ಹೋದರೆ ನಾನು ಯಾರೆಂಬುದೇ ನನಗೆ ಗೊತ್ತಿಲ್ಲ. ಸಂಜೆ ಬಾಗಿಲು ತೆರೆದರೆ ಬೆಳಿಗ್ಗೆ ನಾನು ಬಿಟ್ಟುಹೋದ ಲೋಟ ಅಲ್ಲೇ ಇರುತ್ತದೆ. ಅಂಥ ಮನೆ ನನಗೆ ಸಾಕಾಗಿದೆ.

ತಿಂಗಳ ಕೊನೆಗೆ ಹೇಳುತ್ತೇನೆಂದು ಅವರಿಗೆ ಚೀಟಿ ಬರೆದುಕೊಟ್ಟಿದ್ದೇನೆ. ಯಾಕೆ ಸಮಯ ಕೇಳಿದೆನೆಂದು ನಿಮಗೆ ಗೊತ್ತು. ಗೊತ್ತಿಲ್ಲವೆಂದರೆ ನಂಬುವುದಿಲ್ಲ. ನೀವು ಊರು ಬಿಟ್ಟಾಗ ನಾನು ಕೇಳಲಿಲ್ಲ. ಹೆಣ್ಣಾಗಿ ಹೇಗೆ ಕೇಳುವುದೆಂದು ಉಗುಳು ನುಂಗಿಕೊಂಡೆ. ಈಗ ಕೇಳುತ್ತಿದ್ದೇನೆ. ಒಂದು ಸಾಲು ಬರೆಯಿರಿ. "ಹೋಗಬೇಡ" ಎಂದಾದರೂ ಸರಿ, "ಹೋಗಿ, ಸುಖವಾಗಿರಿ" ಎಂದಾದರೂ ಸರಿ. ಕಾಗದದ ಮೇಲೆ, ಶಾಯಿಯಲ್ಲಿ, ನಿಮ್ಮದೇ ಮಾತಿನಲ್ಲಿ. ಉಪ್ಪುನೀರಿನ ವಿಷಯ ಬೇಡ.

ಗುಬ್ಬಿ


ಮಾರ್ಚ್ 15

ಗುಬ್ಬಿಯವರಿಗೆ,

ನಿಮ್ಮ ಕಾಗದವನ್ನು ಎರಡು ಮೂರು ಸಲ ಓದಿದೆ. ಅವರು ಒಳ್ಳೆಯವರೇ ಇರಬಹುದು. ನಾನು ನೋಡಿಲ್ಲವಾದ್ದರಿಂದ ಹೇಗೆ ಹೇಳಲಿ?

ಇಂಥದ್ದನ್ನು ಕಾಗದದಲ್ಲಿ ಬರೆಯಲು ಕೂತರೆ ನನ್ನ ಕೈ ಓಡುವುದಿಲ್ಲ. ಬರೆದದ್ದೆಲ್ಲ ಅರ್ಜಿಯ ಹಾಗೆ ಕಾಣುತ್ತದೆ. ನಾಲ್ಕು ಹಾಳೆ ಹರಿದೆ. ನಾನು ನನ್ನ ರೀತಿಯಲ್ಲಿ ಹೇಳುತ್ತೇನೆ, ಸ್ವಲ್ಪ ಸಮಯ ಕೊಡಿ. ಇಷ್ಟು ವರ್ಷ ನನ್ನನ್ನು ಬಲ್ಲವರು ನೀವು.

ಕೊನೆಯ ನಾಲ್ಕು ಕಂತುಗಳ ಸ್ಕ್ರಿಪ್ಟ್ ಒಟ್ಟಿಗೇ ಬಂದಿದೆ. ಅಕ್ಕನ ಮನೆಗೆ ಬಣ್ಣ ಹೊಡೆಸುವುದಿರುವುದರಿಂದ ಈ ವಾರವೇ ಎಲ್ಲವನ್ನೂ ಮುಗಿಸಿ ಕಳಿಸುತ್ತಿದ್ದೇನೆ. ಒಂಬತ್ತನೆಯ ಕಂತಿನಲ್ಲಿ ಅವನು ಛತ್ರಿಯನ್ನು ಅವಳ ಕಡೆಗೇ ವಾಲಿಸಿ ತನ್ನ ಅರ್ಧ ಮೈ ನೆನೆಸಿಕೊಂಡು ನಡೆಯುವ ದೃಶ್ಯ ನೀವು ಇಷ್ಟು ಹೊತ್ತಿಗೆ ಮಾಡಿರಬೇಕು. ಒದ್ದೆಯಾದ ಆ ಭುಜಕ್ಕಿಂತ ಹೆಚ್ಚಿನದನ್ನು ಮಾತು ಹೇಳೀತೇ? ಅವಳಿಗೆ ಅದು ಅರ್ಥವಾಗುತ್ತದೆ, ನೋಡಿ.

ಇತಿ,
ಗುಡುಗು


ಮಾರ್ಚ್ 31

ಗುಡುಗಪ್ಪನವರೇ,

ಅವಳಿಗೆ ಅರ್ಥವಾಗುತ್ತದೆ, ಯಾಕೆಂದರೆ ಅವಳಿಗೆ ಸ್ಕ್ರಿಪ್ಟ್ ಬರೆದವರು ಹಾಗೆಂದು ಬರೆದಿದ್ದಾರೆ. ನನಗೆ ಯಾರೂ ಬರೆದುಕೊಟ್ಟಿಲ್ಲ.

ಹೆಂಗಸೊಬ್ಬಳು ಮರ್ಯಾದೆ ಬಿಟ್ಟು ಒಂದು ಸಾಲು ಕೇಳಿದರೆ ಛತ್ರಿಯ ಕಥೆ ಬರೆದು ಕಳಿಸಿದಿರಿ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಇನ್ನೆಷ್ಟು ದಿನ? ಆದರೂ ಕಾದೆ. "ನನ್ನ ರೀತಿಯಲ್ಲಿ ಹೇಳುತ್ತೇನೆ" ಎಂಬ ನಿಮ್ಮ ಒಂದು ಮಾತನ್ನು ಹಿಡಿದುಕೊಂಡು, ಫೋನ್ ಬಡಿದರೆ ಓಡಿದೆ, ಬಾಗಿಲು ಬಡಿದರೆ ಓಡಿದೆ. ನಾಚಿಕೆಯಿಲ್ಲದೆ ಹೇಳುತ್ತೇನೆ, ಬಸ್ ನಿಲ್ದಾಣಕ್ಕೂ ಎರಡು ಸಂಜೆ ಹೋಗಿ ನಿಂತಿದ್ದೆ, ನೀವು ಪೆಟ್ಟಿಗೆ ಹಿಡಿದು ಇಳಿಯುತ್ತೀರೇನೋ ಎಂದು. ಇಳಿದವರೆಲ್ಲ ಬೇರೆ ಯಾರೋ.

ಈಗ ಮೂರು ಸುದ್ದಿ ಹೇಳಿ ಮುಗಿಸುತ್ತೇನೆ. ಹನ್ನೆರಡನೆಯ ಕಂತಿನ ನಡುವೆ ನನ್ನ ದನಿ ಪೂರ್ತಿ ಬಿದ್ದುಹೋಯಿತು. ಬಾಯಿ ಆಡುತ್ತಿತ್ತು, ಸದ್ದು ಹೊರಡಲಿಲ್ಲ. ಕಿವಿಮಾಮ ಗೂಡಿನೊಳಗೆ ಬಂದು ನನ್ನ ತಲೆಯಿಂದ ಹೆಡ್‌ಫೋನ್ ತಾವೇ ತೆಗೆದರು. ಹದಿಮೂರನೆಯ ಕಂತಿನಿಂದ ನಾಯಕಿಯ ಮಾತು ಆ ಹುಡುಗಿಯದು. ನನ್ನ ಹಾಗೆಯೇ ಮಾಡುತ್ತಾಳೆ, ನೋಡುವವರಿಗೆ ವ್ಯತ್ಯಾಸ ತಿಳಿಯುವುದಿಲ್ಲವೆಂದು ಎಲ್ಲರೂ ಸಂತೋಷಪಟ್ಟರು. ನಾನೂ ಚಪ್ಪಾಳೆ ತಟ್ಟಿದೆ.

ಮುಂದಿನ ವಾರ ಶಸ್ತ್ರಚಿಕಿತ್ಸೆ. ಅದಕ್ಕೆ ಮುಂಚೆ, ಶುಕ್ರವಾರ, ನೋಂದಣಿ ಕಚೇರಿಯಲ್ಲಿ ಔಷಧಿ ಅಂಗಡಿಯವರ ಜೊತೆ ಮದುವೆ. ಆಸ್ಪತ್ರೆಯಲ್ಲಿ ಸಹಿ ಹಾಕಲು ಯಾರಾದರೂ ಬೇಕೆಂದರು. "ಯಾರಾದ್ರೂ ಯಾಕೆ, ಗಂಡನೇ ಹಾಕ್ಲಿ" ಎಂದು ಅವರೇ ಮುಂದಾಗಿ ಓಡಾಡಿದರು.

ಶುಕ್ರವಾರಕ್ಕೆ ಇನ್ನೂ ದಿನವಿದೆ. ಇದೊಂದು ಸಾಲನ್ನು ಬರೆಯಬಾರದೆಂದಿದ್ದೆ, ಬರೆದುಬಿಟ್ಟೆ.

ಧಾರಾವಾಹಿಯ ಲೆಕ್ಕಕ್ಕೆ ಇದು ಕೊನೆಯ ಚೀಲವಂತೆ. ನಿಮ್ಮ ಒಪ್ಪಂದದ ಪ್ರತಿಯ ಕೆಳಗೆ ಈ ಕಾಗದ ಇಟ್ಟಿದ್ದೇನೆ. ಹಳಸಿದರೂ ಪರವಾಗಿಲ್ಲ, ಬಂದ ದಿನವೇ ಬಿಚ್ಚಿ.

ಗುಬ್ಬಿ


ಮೇ 9

ಗುಬ್ಬೀ,

"ಯವರಿಗೆ" ಸೇರಿಸಿಲ್ಲ, ಗಮನಿಸಿದೆಯಾ? ಕಪಾಟಿನೊಳಗೆ ಕೂತು ಇಷ್ಟು ಬರೆಯಲು ಅರ್ಧ ಗಂಟೆ ಹಿಡಿಯಿತು. ಅಕ್ಕ ಬಂದು ಇಣುಕಿ ಹೋದಳು.

ನಿನ್ನೆ ಸಂಜೆ ಟೀವಿಯಲ್ಲಿ ಹದಿಮೂರನೆಯ ಕಂತು ಬಂತು. ಕೇಳಿದೆ. ನಿನ್ನ "ಹೂಂ" ಕೇಳಿದೆ.

ನೀನು ಕೇಳಿದ ಒಂದು ಸಾಲನ್ನು ಕಾಗದದಲ್ಲಿ ಬರೆಯಲಾರದೆ ಹೋದೆನೆಂದು ಕೋಪ ಮಾಡಿಕೊಂಡಿದ್ದೆಯೇನೋ, ಅದಕ್ಕೇ ಎರಡು ತಿಂಗಳು ಪತ್ರವಿಲ್ಲ. ಆದರೆ ಹೆಡ್‌ಫೋನ್ ಹಾಕಿಕೊಂಡ ದಿನ ನಿನಗೆ ಗೊತ್ತಾಗಿಯೇ ಆಗುತ್ತದೆಂದು ನನಗೆ ಧೈರ್ಯವಿತ್ತು. ಬಸ್ ನಿಲ್ದಾಣದ ದೃಶ್ಯದಲ್ಲಿ ಅವಳು ಊರು ಬಿಟ್ಟು ಹೊರಟಿರುತ್ತಾಳೆ, ಅವನು ನಮಗೆ ಬೆನ್ನು ಹಾಕಿ ನಿಂತಿರುತ್ತಾನೆ, ಅವಳ ಮುಖ ಶಾಲಿನಲ್ಲಿ ಮುಚ್ಚಿರುತ್ತದೆ. ಮೂಲದಲ್ಲಿ ಅಲ್ಲಿ ಬರೀ ಗಾಳಿಯ ಸದ್ದು. ಅಷ್ಟು ಉದ್ದದ ಬೆನ್ನನ್ನು ನಾನು ಜನ್ಮದಲ್ಲಿ ಕಂಡಿರಲಿಲ್ಲ. ರಜಾಯಿಗಳ ನಡುವೆ ನಿಂತು, ಕಣ್ಣು ಮುಚ್ಚಿ, ಇಪ್ಪತ್ತೊಂದು ವರ್ಷ ಆಡದ ಮಾತನ್ನು ಅಲ್ಲಿ ಆಡಿದೆ: "ಗುಬ್ಬೀ, ಹೋಗಬೇಡ. ನನಗೆ ನೀನು ಬೇಕು. ಮೊದಲಿನಿಂದಲೂ."

ನೀನು ಕೇಳಿ, ಕಿವಿಮಾಮನಿಗೆ ಅಳಿಸಲು ಹೇಳುತ್ತೀಯ ಎಂದುಕೊಂಡಿದ್ದೆ. ಅಳಿಸಲಿಲ್ಲ. ಜಗತ್ತೆಲ್ಲ ಕೇಳುವ ಹಾಗೆ ಉಳಿಸಿದೆ, ಮೇಲೆ ಆ "ಹೂಂ" ಬೇರೆ! ಅದಕ್ಕೆ ಮುಂಚೆ ನೀನು ಉಸಿರೆಳೆದೆಯಲ್ಲ, ಆ ಉಸಿರು ಕೇಳಿದ ಕೂಡಲೇ ನನಗೆ ಅನುಮಾನ ಉಳಿಯಲಿಲ್ಲ. ನನ್ನ ಗುಬ್ಬಿಯ ಉಸಿರು. ಅಕ್ಕನ ಮುಂದೆಯೇ ಅತ್ತುಬಿಟ್ಟೆ.

ಅಕ್ಕನಿಗೆ ಎಲ್ಲ ಹೇಳಿದ್ದೇನೆ. ಅವಳು ಭಾವನ ಕೋಟೊಂದನ್ನು ಕೊನೆಗೂ ಕಪಾಟಿನಿಂದ ತೆಗೆದು, "ಇದನ್ನ ಹಾಕ್ಕೊಂಡು ಹೋಗು, ಹಾಗೇ ಭಿಕಾರಿ ತರ ಹೋಗ್ಬೇಡ" ಎಂದು ಇಸ್ತ್ರಿ ಮಾಡುತ್ತಿದ್ದಾಳೆ. ಮುಂದಿನ ಭಾನುವಾರ ಬೆಳಗಿನ ಬಸ್ಸಿಗೆ ಹೊರಡುತ್ತೇನೆ. ಔಷಧಿ ಅಂಗಡಿಯವರಿಗೆ ನೀನೇ ಮೆತ್ತಗೆ ಹೇಳಿಬಿಡು. ಪಾಪ, ಒಳ್ಳೆಯವರು.

ಮಾರ್ಚ್ ಕೊನೆಯಲ್ಲೊಂದು ಚೀಲ ಬಂದದ್ದು ಹಾಗೆಯೇ ಮೂಲೆಯಲ್ಲಿದೆ. ಅದರಲ್ಲಿ ಸ್ಕ್ರಿಪ್ಟ್ ಇಲ್ಲ, ಬರೀ ಒಪ್ಪಂದದ ಹಾಳೆ ಎಂದು ಕಂಪನಿಯವರು ಹೇಳಿದ್ದರು. ಬಂದ ಮೇಲೆ ನಿನ್ನ ಜೊತೆ ಕೂತು ಸಹಿ ಹಾಕಿ ಕೊಟ್ಟರಾಯಿತು.

ನಿನ್ನ,
ಗುಡುಗು


ಮೇ 14

ಗುಡುಗಪ್ಪನವರಿಗೆ,

ಈ ಸಲ ಅಂಚೆಯಲ್ಲಿ ಕಳಿಸುತ್ತಿದ್ದೇನೆ, ಭಾನುವಾರಕ್ಕೆ ಮುಂಚೆ ಮುಟ್ಟಲೆಂದು.

ಹದಿಮೂರನೆಯ ಕಂತನ್ನು ನಾನೂ ನೋಡಿದೆ. ನಮ್ಮ ಮನೆಯಲ್ಲಿ. ಅಂಗಡಿಯ ಹಿಂದಿನ ಎರಡು ಕೋಣೆಯ ಮನೆ, ಕುರ್ಚಿಗೂ ಹಾಸಿಗೆಗೂ ಔಷಧಿಯ ವಾಸನೆ. ನನ್ನ ಗಂಡನಿಗೆ ಈ ಧಾರಾವಾಹಿಯೆಂದರೆ ಹುಚ್ಚು. ನಾನು ದನಿ ಕೊಟ್ಟ ಕಂತುಗಳನ್ನು ಎರಡೆರಡು ಸಲ ನೋಡುತ್ತಾರೆ. ನನ್ನ ಹಳೆಯ ದನಿಯನ್ನು ಅವರು ಕೇಳಿದ್ದು ಅಲ್ಲಿ ಮಾತ್ರ. ಈಗ ನನಗಿರುವುದು ತುಕ್ಕು ಹಿಡಿದ ಬಾಗಿಲಿನ ಸದ್ದು. ಅವರು ಅದಕ್ಕೂ ಕಿವಿಗೊಡುತ್ತಾರೆ.

ಬಸ್ ನಿಲ್ದಾಣ ಬಂತು. ನಿಮ್ಮ ಬೆನ್ನು ಬಂತು. ಗುಬ್ಬೀ ಎಂದಿರಿ. ನನ್ನ ಕೈಯಲ್ಲಿದ್ದ ಲೋಟ ಚೆಲ್ಲಿತು, ಆ ದಿನ ನೀವು ಎಚ್ಚರಿಸಿದ ಹಾಗೆಯೇ. ನನ್ನ ಗಂಡ ತೊಡೆ ತಟ್ಟಿಕೊಂಡು, "ಅಬ್ಬಾ, ಅಂತೂ ಬಾಯಿ ಬಿಟ್ಟ ನೋಡು! ಅಲ್ಲಾ ಕಣೇ, ಅದನ್ನ ಬೆನ್ನು ತಿರುಗಿಸಿ ಯಾಕೆ ಹೇಳ್ತಾನೆ? ಮುಖ ನೋಡಿ ಹೇಳೋಕೆ ಏನ್ ಧಾಡಿ ಇವ್ನಿಗೆ?" ಎಂದರು. ಆಮೇಲೆ ನನ್ನ ಮುಖ ನೋಡಿದರು. ಎದ್ದು ಬಟ್ಟೆ ತಂದು ನೆಲ ಒರೆಸಿದರು. ಏನೆಂದು ಕೇಳಲಿಲ್ಲ.

ಮರುದಿನ ಆ ಹುಡುಗಿ ಹಣ್ಣು ಹಿಡಿದುಕೊಂಡು ನನ್ನನ್ನು ನೋಡಲು ಬಂದಳು. ಉಬ್ಬಿಹೋಗಿದ್ದಳು. "ಅಕ್ಕಾ, ಸರ್ ಆ ಸೀನಲ್ಲಿ ಸ್ಕ್ರಿಪ್ಟಲ್ಲಿ ಇಲ್ದೇ ಇರೋ ಲೈನ್ ಹಾಕಿದ್ರು! ಕಿವಿಮಾಮ ಒಮ್ಮೆ ಕೇಳಿ, ಅಳಿಸ್ತೀನಿ ಅಂತ ಎದ್ರು. ಡೈರೆಕ್ಟರ್ ಬಿಡ್ಲೇ ಇಲ್ಲ. ಎಲ್ರನ್ನೂ ಕರೆದು ನಾಲ್ಕು ಸಲ ಕೇಳಿಸಿದ್ರು, ಟೀ ಕೊಡೋಕೆ ಬಂದವರೂ ನಿಂತು ಕೇಳಿದ್ರು. ನೀನೂ ಏನಾದ್ರೂ ಹಾಕು ಅಂದ್ರು. ಜಾಗ ಅಷ್ಟೇ ಇತ್ತು, ಹೂಂ ಅಂದ್ಬಿಟ್ಟೆ. ಒಂದೇ ಟೇಕು! ಗುಬ್ಬಿ ಅಂದ್ರೆ ಯಾರಕ್ಕಾ, ಕೊರಿಯಾದಲ್ಲಿ ಹಾಗೆ ಕರೀತಾರಾ?" ಕರೆಯುತ್ತಾರೆ ಎಂದು ಚೀಟಿಯಲ್ಲಿ ಬರೆದುಕೊಟ್ಟೆ.

ನಾನು ನಿಮ್ಮಿಂದ ಒಂದು ಸಾಲು ಕೇಳಿದ್ದೆ. ನೀವು ಹೇಳಿದಿರಿ, ಇಲ್ಲವೆನ್ನುವುದಿಲ್ಲ. ಮನೆಮನೆಯ ಟೀವಿಗೆ ಹೇಳಿದಿರಿ, ಕಿವಿಮಾಮನಿಗೆ ಹೇಳಿದಿರಿ, ಟೀ ತಂದವರಿಗೆ ಹೇಳಿದಿರಿ. ನನಗೆ ಹೇಳಲು ಮಾತ್ರ ನಿಮಗೆ ಇನ್ನೊಬ್ಬನ ಬೆನ್ನು ಬೇಕಾಯಿತು. ಅದು ತಲುಪುವ ಹೊತ್ತಿಗೆ ನಾನು ಆ ಗೂಡಿನಲ್ಲಿ ಇರಲಿಲ್ಲ. ನೀವು ಒಮ್ಮೆ ಚೀಲ ಬಿಚ್ಚಿದ್ದರೆ ಅಷ್ಟು ತಿಳಿಯುತ್ತಿತ್ತು. ಮದುವೆಯ ಆ ಶುಕ್ರವಾರ ನೋಂದಣಿ ಕಚೇರಿಯ ಬೆಂಚಿನ ಮೇಲೆ ನಮ್ಮ ಸರದಿ ಬರುವವರೆಗೂ ನಾನು ಬಾಗಿಲನ್ನೇ ನೋಡುತ್ತಿದ್ದೆ. ನನ್ನ ಗಂಡ ಅದನ್ನೂ ಕಂಡರು, ಅದನ್ನೂ ಕೇಳಲಿಲ್ಲ. ಇನ್ನು ಆ ಮನುಷ್ಯನಿಗೆ ಏನನ್ನೂ ನಾನು ಮೆತ್ತಗೆ ಹೇಳುವುದಿಲ್ಲ.

ಭಾನುವಾರ ಬರಬೇಡಿ. ಅಕ್ಕನಿಗೆ ಹೇಳಿ ಕೋಟನ್ನು ಮತ್ತೆ ಕಪಾಟಿನಲ್ಲಿ ತೂಗುಹಾಕಿಸಿ. ಬಂದೇ ತೀರುತ್ತೇನೆಂದರೆ ಸ್ಟುಡಿಯೋಗೆ ಹೋಗಿ, ನಿಮಗೆ ಹೂಂ ಎಂದವಳು ಅಲ್ಲಿರುತ್ತಾಳೆ.

ಒಂದೇ ಒಂದು ಮಾತು ನನ್ನನ್ನು ಮಲಗಲು ಬಿಡುತ್ತಿಲ್ಲ. ಸಾವಿರ ಹೆಂಗಸರ ನಡುವೆ ನನ್ನ ಉಸಿರನ್ನು ಬೆರಳಿಟ್ಟು ತೋರಿಸುತ್ತೇನೆಂದವರು ನೀವು. ಆ ಮಾತನ್ನು ನಾನು ನಂಬಿದ್ದೆ; ದನಿ ಹೋದರೂ ನನ್ನನ್ನು ಗುರುತಿಸುವ ಕಿವಿ ಒಂದು ಎಲ್ಲೋ ಇದೆಯೆಂದು ಆಸ್ಪತ್ರೆಯ ಮಂಚದ ಮೇಲೂ ನಂಬಿದ್ದೆ. ಅಷ್ಟು ತಿಳಿಯಾದ, ಒಂದೇ ಟೇಕಿನ "ಹೂಂ" ನನ್ನದಾಗಲು ಹೇಗೆ ಸಾಧ್ಯ? ನಿಮ್ಮ ಬಾಯಿಂದ ಆ ಮಾತನ್ನು ನಾನು ಕೇಳಿದ್ದರೆ ಹೂಂ ಎನ್ನಲು ಆಗುತ್ತಿರಲಿಲ್ಲ. ಅಳುತ್ತಿದ್ದೆ. ಟೇಕು ಹಾಳಾಗುತ್ತಿತ್ತು.

ಇತಿ,
ಔಷಧಿ ಅಂಗಡಿಯವರ ಹೆಂಡತಿ